ತೀರ್ಥಹಳ್ಳಿ ಲಿಂಕಿಗೆ ಯಾವ ಮಾಡ್ಯೂಲ್? 10ಜಿ, 100ಜಿ, ಕೊಹೆರೆಂಟ್: ಮಲೆನಾಡಿನ ಫೈಬರ್ ಮುಂದಿಟ್ಟುಕೊಂಡು ಒಂದು ಹೋಲಿಕೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿಯ ಒಬ್ಬ ಕೇಬಲ್ ಆಪರೇಟರ್ ಫೋನ್ ಮಾಡಿದ. "ಅಣ್ಣ, ಶಿವಮೊಗ್ಗದಿಂದ ಬರೋ 10ಜಿ ಸಂಜೆ ಹೊತ್ತು ಪೂರ್ತಿ ತುಂಬಿ ಹೋಗ್ತಿದೆ. ಒಬ್ರು 400ಜಿ ಕೊಹೆರೆಂಟ್ ಮಾಡ್ಯೂಲ್ ಕೊಡ್ತೀನಿ ಅಂತಿದಾರೆ, 120 ಕಿಲೋಮೀಟರ್ ಹೋಗತ್ತಂತೆ. ನಮ್ದು 68 ಅಷ್ಟೆ. ಹಾಕ್ಬಿಡ್ಲಾ?"

"ಓಟಿಡಿಆರ್ ಗ್ರಾಫ್ ಕಳ್ಸು ಮಾರಾಯ, ಆಮೇಲೆ ಮಾತಾಡೋಣ" ಅಂದೆ.

ಮಾಡ್ಯೂಲ್ ಅಂದರೆ ಸ್ವಿಚ್ಚಿಗೆ ಸಿಕ್ಕಿಸುವ, ಡೇಟಾವನ್ನು ಬೆಳಕಾಗಿಸಿ ಫೈಬರಿಗೆ ಕಳಿಸುವ, ಬಂದ ಬೆಳಕನ್ನು ಓದುವ ಪುಟ್ಟ ಸಾಧನ. 10ಜಿ ಅಂದರೆ ಸೆಕೆಂಡಿಗೆ 10 ಗಿಗಾಬಿಟ್. ಕೊಹೆರೆಂಟ್ ಅಂದರೆ ಬೆಳಕಿನ ಅಲೆಯ ಹಂತವನ್ನೂ ಓದುವ ಜಾತಿ, ಅದರ ವಿವರ ಮುಂದಿದೆ. ಫೈಬರಿನಲ್ಲಿ ಬೆಳಕು ಎಲ್ಲೆಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂದು ಅಳೆಯುವ ಯಂತ್ರ ಓಟಿಡಿಆರ್. ಅದರ ಗ್ರಾಫ್ ಬಂತು. ಉದ್ದ 68 ಕಿ.ಮೀ., ಒಟ್ಟು ಲಾಸ್, ಅಂದರೆ ದಾರಿಯಲ್ಲಿ ಕಳೆದುಹೋಗುವ ಬೆಳಕು, 21.4 ಡಿಬಿ (ಡೆಸಿಬೆಲ್: 3 ಡಿಬಿ ಹೋದರೆ ಬೆಳಕು ಅರ್ಧ, 10 ಹೋದರೆ ಹತ್ತನೇ ಒಂದು ಭಾಗ). ಅವನು ಕೊಳ್ಳಲು ಹೊರಟಿದ್ದ ಮಾಡ್ಯೂಲನ್ನು ಹಾಗೇ ಸಿಕ್ಕಿಸಿದ್ದರೆ ಆ ಫೈಬರ್‌ನಲ್ಲಿ ಒಂದು ಬಿಟ್ ಕೂಡ ದಾಟುತ್ತಿರಲಿಲ್ಲ. ಅದೇ ಫೈಬರ್‌ನಲ್ಲಿ ಅದಕ್ಕಿಂತ ಎಷ್ಟೋ ಅಗ್ಗದ 10ಜಿ ಮಾಡ್ಯೂಲ್ ನಾಲ್ಕು ವರ್ಷದಿಂದ ತಕರಾರಿಲ್ಲದೆ ಓಡುತ್ತಿದೆ. ದುಬಾರಿಯದು ಸೋಲುವ ಕಡೆ ಅಗ್ಗದ್ದು ಹೇಗೆ ನಿಂತಿದೆ ಅನ್ನುವುದು ಅರ್ಥವಾದರೆ ಆಯ್ಕೆಯ ಅರ್ಧ ಕೆಲಸ ಮುಗಿಯಿತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆಪರೇಟರ್‌ಗಳಿಗೆ ಫೈಬರ್ ಲಿಂಕ್ ಕಟ್ಟಿಕೊಡುವುದು ನನ್ನ ಕೆಲಸ. ಈ ಪ್ರಶ್ನೆ ಈಗ ತಿಂಗಳಿಗೊಮ್ಮೆಯಾದರೂ ಬರುತ್ತಿರುವುದರಿಂದ ಒಂದೇ ಸಲ ಬರೆದಿಡುತ್ತಿದ್ದೇನೆ.

ಕಳೆದುಹೋಗುವ ಬೆಳಕು, ಚದುರಿಹೋಗುವ ಬೆಳಕು

ನಮ್ಮ ಜಿಲ್ಲೆಯಲ್ಲಿ ನಾನು ಕೈಯಾಡಿಸಿರುವ ಫೈಬರ್ ಹೆಚ್ಚೂಕಡಿಮೆ ಎಲ್ಲವೂ ಜಿ.652ಡಿ ಜಾತಿಯದು. ಅದರಲ್ಲಿ 1550 ನ್ಯಾನೋಮೀಟರ್ ತರಂಗಾಂತರದ ಬೆಳಕು ಕಿಲೋಮೀಟರಿಗೆ ಸುಮಾರು 0.2 ಡಿಬಿ ಕಳೆದುಕೊಳ್ಳುತ್ತದೆ, 1310ರ ಬೆಳಕು ಸುಮಾರು 0.35. ತೀರ್ಥಹಳ್ಳಿ ಲಿಂಕಿಗೆ 68 ಕಿಲೋಮೀಟರಿಗೆ 13.6 ಡಿಬಿ ಆಯಿತು. ಡ್ರಮ್ಮಿಂದ ಡ್ರಮ್ಮಿಗೆ ಹಾಕಿದ ಜಾಯಿಂಟು, ಎರಡೂ ತುದಿಯ ಕನೆಕ್ಟರು ಸೇರಿ ಇನ್ನೊಂದು ಮೂರು. 17ರ ಆಸುಪಾಸು ಇರಬೇಕಿತ್ತು, ಇದ್ದದ್ದು 21.4. ಉಳಿದದ್ದೆಲ್ಲ ಮಳೆಗಾಲದ ರಿಪೇರಿಯ ಲೆಕ್ಕ. ರಾತ್ರಿ ಮರ ಬಿದ್ದು ಕೇಬಲ್ ಹರಿದಿರುತ್ತದೆ, ಕೊಡೆ ಹಿಡಿದುಕೊಂಡು, ಕಾಲಿಗೆ ಹತ್ತಿದ ಇಂಬಳ ಕೀಳುತ್ತ, ಟಾರ್ಚ್ ಬೆಳಕಿನಲ್ಲಿ ಸ್ಪ್ಲೈಸ್ (ಗಾಜಿನ ಎಳೆಗಳ ಬೆಸುಗೆ) ಹಾಕಿರುತ್ತಾರೆ. ಲಿಂಕ್ ಬಂದರೆ ಸಾಕೆಂದು ಜಾಯಿಂಟಿನ ಡಬ್ಬಿ, ಅಂದರೆ ಕ್ಲೋಷರ್, ಮುಚ್ಚುತ್ತಾರೆ. ಅಂಥ ಒಂದೊಂದು ಜಾಯಿಂಟೂ ಅರ್ಧ ಡಿಬಿಯಿಂದ ಒಂದು ಡಿಬಿ ತಿನ್ನುತ್ತ ಕೂತಿರುತ್ತದೆ.

ಇದು ಲಾಸ್. ಇನ್ನೊಂದು ತೊಂದರೆಗೆ ಡಿಸ್ಪರ್ಷನ್ ಎನ್ನುತ್ತಾರೆ. ತೀರ್ಥಹಳ್ಳಿಯಿಂದ ಒಟ್ಟಿಗೆ ಹೊರಟ ಹತ್ತು ವಾಹನ ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವಾಗ ಬೈಕು ಮುಂದೆ, ಲಾರಿ ಹಿಂದೆ ಆಗಿರುತ್ತವೆ. ಎಲ್ಲವೂ ತಲುಪುತ್ತವೆ, ಒಂದೂ ಕಳೆದುಹೋಗುವುದಿಲ್ಲ. ಆದರೆ ಹಿಂದಿನ ತಂಡದ ಬೈಕು ಮುಂದಿನ ತಂಡದ ಲಾರಿಯ ಜೊತೆ ಬೆರೆತುಹೋಗಿರುತ್ತದೆ. ಬೆಳಕಿನ ಒಂದು ಮಿನುಗಿನೊಳಗೆ ಸ್ವಲ್ಪ ಸ್ವಲ್ಪ ಬೇರೆಯಾದ ಬಣ್ಣಗಳಿರುತ್ತವೆ, ಗಾಜಿನೊಳಗೆ ಅವುಗಳ ವೇಗವೂ ಬೇರೆ. 1550ರಲ್ಲಿ ಈ ಚದುರುವಿಕೆ ಪ್ರತಿ ನ್ಯಾನೋಮೀಟರ್ ಅಗಲಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್. 1310ರ ಸುತ್ತಮುತ್ತ ಹೆಚ್ಚುಕಡಿಮೆ ಸೊನ್ನೆ.

ಈಗ 68 ಕಿಲೋಮೀಟರಿನ ಲೆಕ್ಕ ನೋಡಿ. 10ಜಿ ಸಿಗ್ನಲ್ಲಿನ ಬಣ್ಣದ ಅಗಲ ಸುಮಾರು 0.08 ನ್ಯಾನೋಮೀಟರ್. ಅದು ಚದುರುವುದು ಸುಮಾರು 92 ಪಿಕೋಸೆಕೆಂಡ್, ಅದರ ಒಂದು ಬಿಟ್ಟಿನ ಕಾಲವೂ ಸುಮಾರು ಅಷ್ಟೇ. ಅಂಚಿನಲ್ಲಿದೆ, ಆದರೂ ನಡೆಯುತ್ತದೆ. ಆ ಜಾತಿಯ ಮಾಡ್ಯೂಲ್ ಮೇಲೆ 80 ಕಿ.ಮೀ. ಎಂದು ಬರೆದಿರುವುದು ಇದಕ್ಕೇ. ವೇಗ ಹೆಚ್ಚಿದಾಗ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ: ಬಣ್ಣದ ಅಗಲ ಹೆಚ್ಚುತ್ತದೆ, ಬಿಟ್ಟಿನ ಕಾಲ ಕುಗ್ಗುತ್ತದೆ. ಹಾಗಾಗಿ ವೇಗ ಎರಡೂವರೆ ಪಟ್ಟಾದರೆ ದೂರ ಆರು ಪಟ್ಟು ಕಡಿಮೆಯಾಗುತ್ತದೆ. 25ಜಿ ಸಿಗ್ನಲನ್ನು 1550ರಲ್ಲಿ ಹಾಗೇ ಬಿಟ್ಟರೆ 12–13 ಕಿಲೋಮೀಟರಿಗೆ ಉಸಿರು ಕಟ್ಟುತ್ತದೆ. 400ಜಿ ಕೊಹೆರೆಂಟ್ ಸಿಗ್ನಲ್ ಸೆಕೆಂಡಿಗೆ ಸುಮಾರು 60 ಬಿಲಿಯನ್ ಸಂಕೇತ ಕಳಿಸುತ್ತದೆ. ತೀರ್ಥಹಳ್ಳಿ ಮುಟ್ಟುವ ಹೊತ್ತಿಗೆ ಅದರ ಒಂದು ಸಂಕೇತ ಅಕ್ಕಪಕ್ಕದ ಮೂವತ್ತಕ್ಕೂ ಹೆಚ್ಚು ಸಂಕೇತಗಳ ಮೇಲೆ ಹರಡಿಕೊಂಡಿರುತ್ತದೆ.

ಚದುರಿದ್ದನ್ನು ಲೆಕ್ಕ ಹಾಕಿ ಮತ್ತೆ ಒಟ್ಟು ಮಾಡಬಹುದು. ಮಾಡ್ಯೂಲಿನೊಳಗೆ ಸಿಗ್ನಲನ್ನು ಅಂಕಿಗಳಾಗಿ ಸಂಸ್ಕರಿಸುವ ಡಿಎಸ್‌ಪಿ ಚಿಪ್ಪಿನ ದೊಡ್ಡ ಕೆಲಸವೇ ಅದು. ಕಳೆದುಹೋದ ಬೆಳಕನ್ನು ಯಾವ ಲೆಕ್ಕವೂ ಹುಟ್ಟಿಸಿ ಕೊಡುವುದಿಲ್ಲ. ತಪ್ಪು ತಿದ್ದುವ ಎಫ್‌ಇಸಿಯಿಂದ ಕೆಲವು ಡಿಬಿ ಸಹಾಯ ಸಿಗುತ್ತದೆ, ಅಷ್ಟೇ. ಮಾಡ್ಯೂಲ್ ಹೋಲಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ನನ್ನ ಫೈಬರ್ ಬೆಳಕನ್ನು ಕಳೆಯುತ್ತಿದೆಯೋ, ಚದುರಿಸುತ್ತಿದೆಯೋ?

10ಜಿ ಝಡ್‌ಆರ್: ಚಿಪ್ಪಿಲ್ಲದ ಗಟ್ಟಿಗ

ಝಡ್‌ಆರ್ ಅಂದರೆ 80 ಕಿಲೋಮೀಟರಿಗೆಂದು ಮಾಡಿದ ಜಾತಿ. ಈ 10ಜಿ ಎಸ್‌ಎಫ್‌ಪಿ ಪ್ಲಸ್ (ಇದು ಗಾತ್ರದ ಹೆಸರು) ಮಾಡ್ಯೂಲಿನಲ್ಲಿ ಸಿಗ್ನಲ್ ಸಂಸ್ಕರಣೆಯ ಚಿಪ್ ಇರುವುದಿಲ್ಲ. ಬೆಳಕು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಕಳಿಸುವ ಶಕ್ತಿ 0 ಡಿಬಿಎಂ (ಒಂದು ಮಿಲಿವ್ಯಾಟ್) ಅಥವಾ ಅದಕ್ಕಿಂತ ಮೇಲೆ, ಎಪಿಡಿ ಎಂಬ ಸೂಕ್ಷ್ಮ ಸಂವೇದಕವಿರುವ ರಿಸೀವರ್ –23, –24ರವರೆಗೂ ಓದುತ್ತದೆ. 23 ಡಿಬಿ ಲಾಸ್ ತಡೆಯುವುದು ಇದರಿಂದ. ಎರಡು ವ್ಯಾಟಿನೊಳಗೆ ಕೆಲಸ ಮುಗಿಸುತ್ತದೆ, ಕರೆಂಟ್ ಬಂದ ಕ್ಷಣ ಲಿಂಕ್ ಏಳುತ್ತದೆ.

ಮಾಡ್ಯೂಲಿನ ಜಾತಿ ಬದಲಿಸದೆ ಹೆಚ್ಚು ಬೇಕಾದರೆ ಬೇರೆ ಬೇರೆ ಬಣ್ಣದ 10ಜಿ ಮಾಡ್ಯೂಲ್‌ಗಳನ್ನು ಡಿಡಬ್ಲ್ಯುಡಿಎಂ ಮಕ್ಸ್ ಪೆಟ್ಟಿಗೆಯ ಮೂಲಕ ಒಂದೇ ಜೋಡಿ ಫೈಬರ್‌ನಲ್ಲಿ ಕಳಿಸಬಹುದು. ನಾಲ್ಕು ಬಣ್ಣ ಅಂದರೆ 40ಜಿ. ಮಕ್ಸ್ ಪೆಟ್ಟಿಗೆ ಒಂದೊಂದು ತುದಿಯಲ್ಲೂ ಎರಡು ಡಿಬಿಯಷ್ಟು ತಿನ್ನುತ್ತದೆ. 21.4ಕ್ಕೆ ನಾಲ್ಕು ಸೇರಿಸಿದರೆ ಈ ದಾರಿಯೂ ಮುಚ್ಚಿತು. 17ಕ್ಕೆ ಸೇರಿಸಿದರೆ ತೆರೆದಿದೆ. ಹಾಗಾಗಿ ಹೊಸ ಸಾಮಾನು ಕೊಳ್ಳುವ ಮೊದಲು ಜಾಯಿಂಟ್ ಸರಿಮಾಡಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಓಟಿಡಿಆರ್‌ನಲ್ಲಿ 1310 ಮತ್ತು 1550 ಎರಡರಲ್ಲೂ ಅಳೆಯಿರಿ. ಒಂದು ಜಾಗದಲ್ಲಿ ಎರಡೂ ಬಣ್ಣಕ್ಕೆ ಒಂದೇ ಲಾಸ್ ಇದ್ದರೆ ಸ್ಪ್ಲೈಸ್ ಕೆಟ್ಟಿದೆ. 1550ಕ್ಕೆ ಮಾತ್ರ ಹೆಚ್ಚಿದ್ದರೆ ಫೈಬರ್ ಎಲ್ಲೋ ಬಾಗಿ ಸಿಕ್ಕಿಕೊಂಡಿದೆ, ಕ್ಲೋಷರ್ ಬಿಚ್ಚಿ ಸುತ್ತು ಸಡಿಲಿಸಿದರೆ ಸಾಕು.

ಇನ್ನೊಂದು ಮಾತು. ಈ ಎಪಿಡಿ ರಿಸೀವರ್‌ಗಳು ಮಂದ ಬೆಳಕಿಗೆ ಹೊಂದಿಕೊಂಡ ಕಣ್ಣು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಟೆಸ್ಟ್ ಮಾಡಲೆಂದು ಎರಡು ಝಡ್‌ಆರ್ ಮಾಡ್ಯೂಲ್‌ಗಳ ನಡುವೆ ಒಂದು ಮೀಟರ್ ಪ್ಯಾಚ್ ಕಾರ್ಡ್ ಹಾಕಿ ಎರಡನ್ನೂ ಸುಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಕು ತಗ್ಗಿಸುವ 15 ಡಿಬಿ ಅಟೆನ್ಯುಯೇಟರ್ ಇಲ್ಲದೆ ಮೇಜಿನ ಮೇಲೆ ಟೆಸ್ಟ್ ಮಾಡಬೇಡಿ.

1310ರ 100ಜಿ: ಭದ್ರಾವತಿವರೆಗೆ ಇದೇ ಸಾಕು

ಚದುರುವಿಕೆಯೇ ಇಲ್ಲದ 1310ಕ್ಕೆ ಹೋದರೆ ಲೆಕ್ಕದ ಚಿಪ್ಪಿನ ಅಗತ್ಯ ಕಡಿಮೆ. ಎಲ್‌ಆರ್4 ಮಾಡ್ಯೂಲ್ 1295ರಿಂದ 1310 ನ್ಯಾನೋಮೀಟರಿನ ನಡುವೆ ನಾಲ್ಕು ಬಣ್ಣದಲ್ಲಿ ತಲಾ 25ಜಿ ಕಳಿಸುತ್ತದೆ, 10 ಕಿಲೋಮೀಟರಿಗೆ. ಅದರ ಅಣ್ಣ ಇಆರ್4 40ಕ್ಕೆ. ಶಿವಮೊಗ್ಗದಿಂದ ಭದ್ರಾವತಿಗೆ ಫೈಬರ್ ದಾರಿ 22–23 ಕಿ.ಮೀ. ಇದ್ದರೂ ಎಂಟು ಡಿಬಿ, ಜಾಯಿಂಟ್ ಸೇರಿ ಹತ್ತು–ಹನ್ನೊಂದು. ಇಲ್ಲಿ ಕೊಹೆರೆಂಟಿಗೆ ದುಡ್ಡು ಹಾಕುವುದು ದಂಡ.

ಈಚೆಗೆ ಒಂದೇ ಬಣ್ಣದಲ್ಲಿ 100ಜಿ ಕಳಿಸುವ ಎಲ್‌ಆರ್1, ಇಆರ್1 ಮಾಡ್ಯೂಲ್‌ಗಳೂ ಬಂದಿವೆ. ಇವು ಪ್ಯಾಮ್4. ಇದೆ–ಇಲ್ಲ ಎಂಬ ಎರಡು ಮಟ್ಟದ ಬದಲು ಬೆಳಕಿನ ನಾಲ್ಕು ಮಟ್ಟ ಬಳಸಿ ಒಂದು ಸಂಕೇತದಲ್ಲಿ ಎರಡು ಬಿಟ್ ತುಂಬುತ್ತವೆ. ಮಟ್ಟಗಳ ನಡುವಿನ ಅಂತರ ಮೂರನೇ ಒಂದಾದ್ದರಿಂದ ಗದ್ದಲ ತಡೆಯುವ ಶಕ್ತಿ ಸುಮಾರು 9.5 ಡಿಬಿ ಇಳಿಯುತ್ತದೆ. ಆ ನಷ್ಟ ತುಂಬಿಕೊಳ್ಳಲು ಮಾಡ್ಯೂಲ್ ಒಳಗೆ ಡಿಎಸ್‌ಪಿ ಬೇಕೇ ಬೇಕು. ಅಕ್ಕಪಕ್ಕದ ಸಂಕೇತಗಳ ನೆರಳನ್ನು ಕಳೆಯುವ ಈಕ್ವಲೈಸರ್, ಮೇಲೆ ಎಫ್‌ಇಸಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಎಲ್‌ಆರ್4ಗೂ ಎಲ್‌ಆರ್1ಗೂ ಹೆಸರು ಹತ್ತಿರವಿದ್ದರೂ ಒಂದರ ಮಾತು ಒಂದಕ್ಕೆ ತಿಳಿಯದು. ಎರಡೂ ತುದಿಗೆ ಒಂದೇ ಜಾತಿ ಬೇಕು. ಎಲ್‌ಆರ್1ನಲ್ಲಿ ಎಫ್‌ಇಸಿ ಮಾಡ್ಯೂಲಿನೊಳಗೇ ಇರುವುದರಿಂದ ಸ್ವಿಚ್ಚಿನಲ್ಲಿ ಅದನ್ನು ಆಫ್ ಮಾಡಬೇಕು. ಇಆರ್4 ಲೈಟ್ ಎನ್ನುವ ಅಗ್ಗದ ಜಾತಿಗೆ 40 ಕಿಲೋಮೀಟರ್ ಬೇಕಿದ್ದರೆ ಸ್ವಿಚ್ಚಿನ ಎಫ್‌ಇಸಿ ಆನ್ ಇರಬೇಕು. ಲಿಂಕ್ ಏಳುತ್ತಿಲ್ಲವೆಂದು ಫೈಬರ್ ಕ್ಲೀನ್ ಮಾಡುತ್ತ ಇಡೀ ದಿನ ಕಳೆದವರಿದ್ದಾರೆ, ಕಾರಣ ಸ್ವಿಚ್ಚಿನ ಸೆಟ್ಟಿಂಗಿನ ಈ ಒಂದು ಸಾಲು.

ತೀರ್ಥಹಳ್ಳಿಗೆ 1310 ಆಗದು. 68 ಕಿಲೋಮೀಟರಿಗೆ ಬರೀ ಗಾಜಿನ ಲಾಸೇ 24 ಡಿಬಿ ಹತ್ತಿರ. ಝಡ್‌ಆರ್4 ಎಂಬ 80 ಕಿಲೋಮೀಟರಿನ ಮಾಡ್ಯೂಲ್ ಇದೆ, ಒಳಗೆ ಬೆಳಕು ಹೆಚ್ಚಿಸುವ ಸಣ್ಣ ಆಂಪ್ಲಿಫೈಯರ್ ಇಟ್ಟಿರುತ್ತಾರೆ. ಹೊಸ ಕೇಬಲ್ಲಿಗೆ ಅದು ಸರಿ. ಪ್ರತಿ ಮಳೆಗಾಲ ಎರಡು ಡಿಬಿ ಏರುವ ನಮ್ಮ ಘಟ್ಟದ ದಾರಿಗೆ ಉಳಿತಾಯವೇ ಇಲ್ಲದ ಲಿಂಕ್ ಕಟ್ಟಲು ನನಗೆ ಮನಸ್ಸಿಲ್ಲ. ಪ್ಯಾಮ್4 ಸಿಗ್ನಲನ್ನೇ 1550ರಲ್ಲಿ ಕಳಿಸಿ, ತುದಿಯಲ್ಲಿ ಡಿಸ್ಪರ್ಷನ್ ಸರಿಪಡಿಸುವ ಫೈಬರ್ ಪೆಟ್ಟಿಗೆ ಮತ್ತು ಆಂಪ್ಲಿಫೈಯರ್ ಇಡುವ ದಾರಿಯೂ ಇದೆ. ಇಷ್ಟೆಲ್ಲ ಪೆಟ್ಟಿಗೆ ಜೋಡಿಸುವ ಬದಲು ಈಗ ಕೊಹೆರೆಂಟೇ ಸಲೀಸು.

ಕೊಹೆರೆಂಟ್ ಒಳಗೆ ನಡೆಯುವುದೇನು

ಸಾಮಾನ್ಯ ರಿಸೀವರ್ ಬೆಳಕು ಎಷ್ಟಿದೆ ಎಂದಷ್ಟೇ ಅಳೆಯುತ್ತದೆ. ಅಲೆಯ ಹಂತ, ಅಂದರೆ ಫೇಸ್, ಅಲ್ಲೇ ಅಳಿಸಿಹೋಗುತ್ತದೆ. ಡಿಸ್ಪರ್ಷನ್ ಕೆಡಿಸುವುದು ಆ ಹಂತವನ್ನೇ ಆದ್ದರಿಂದ, ಅಳಿಸಿಹೋದ ಮೇಲೆ ಪೂರ್ತಿ ಸರಿಪಡಿಸಲು ಬರುವುದಿಲ್ಲ. ಕೊಹೆರೆಂಟ್ ಮಾಡ್ಯೂಲ್ ತನ್ನದೇ ಲೇಸರ್ ಬೆಳಕನ್ನು ಬಂದ ಬೆಳಕಿನ ಜೊತೆ ಬೆರೆಸಿ, ಅಲೆಯ ಎತ್ತರವನ್ನೂ ಹಂತವನ್ನೂ ಎರಡು ಧ್ರುವೀಕರಣಗಳಲ್ಲಿ (ಅಲೆ ಕಂಪಿಸುವ ದಿಕ್ಕುಗಳಲ್ಲಿ) ಬೇರೆ ಬೇರೆಯಾಗಿ ಓದುತ್ತದೆ. ನಾಲ್ಕು ಎಳೆ ವಿದ್ಯುತ್ ಸಿಗ್ನಲ್ ಸಿಗುತ್ತದೆ, ನಾಲ್ಕು ಎಡಿಸಿಗಳು ಅದನ್ನು ಅಂಕಿಗಳಾಗಿ ಬದಲಿಸುತ್ತವೆ. ಅಲ್ಲಿಂದ ಮುಂದೆ ಎಲ್ಲವೂ ಗಣಿತ.

ಆ ಗಣಿತ ಒಂದು ಕ್ಷಣವೂ ನಿಲ್ಲುವಂತಿಲ್ಲ. 60 ಬಿಲಿಯನ್ ಸಂಕೇತದ ವೇಗದಲ್ಲಿ ಒಂದು ಸಂಕೇತದ ಕಾಲ 16.7 ಪಿಕೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಫೈಬರಿನೊಳಗೆ ಬೆಳಕು ಸಾಗುವುದು ಸುಮಾರು 3.4 ಮಿಲಿಮೀಟರ್, ಅರ್ಧ ಅಕ್ಕಿಕಾಳಿನಷ್ಟು. ಚಿಪ್ಪಿನ ಗಡಿಯಾರವೋ ಸೆಕೆಂಡಿಗೆ ಒಂದು ಬಿಲಿಯನ್ ಬಡಿತದ ಒಳಗೇ. ಹಾಗಿದ್ದರೆ ಹೇಗೆ?

ಕೊನೆ ಕೊಯ್ಲಿನ ದಿನ ನಮ್ಮ ಕಡೆ ಅಂಗಳದಲ್ಲಿ ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ತೋಟದಿಂದ ಹೊರೆ ಬರುತ್ತಲೇ ಇರುತ್ತದೆ, ತಡೆಯಲಾಗದು. ಒಬ್ಬರ ಕೈ ಎಷ್ಟೇ ಚುರುಕಾದರೂ ಸಾಲದು. ಮೆಟ್ಟುಗತ್ತಿ ಇಟ್ಟುಕೊಂಡು ಇಪ್ಪತ್ತು ಜನ ಸಾಲಾಗಿ ಕೂರುತ್ತಾರೆ. ಚಿಪ್ಪಿನಲ್ಲೂ ಹಾಗೆಯೇ, 64ಕ್ಕೋ 128ಕ್ಕೋ ಒಂದೇ ಥರದ ಸಾಲುಗಳು ಕೂತು ಒಂದೊಂದು ಬಡಿತಕ್ಕೆ ಅಷ್ಟೂ ಸಂಕೇತಗಳನ್ನು ಒಟ್ಟಿಗೆ ಮುಗಿಸುತ್ತವೆ. ಡಿಸ್ಪರ್ಷನ್ ತೆಗೆಯುವ ಫಿಲ್ಟರ್ ಎಫ್‌ಎಫ್‌ಟಿ ಎಂಬ ಲೆಕ್ಕದಿಂದ ಸಿಗ್ನಲನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಒಂದು ಗುಣಾಕಾರ ಮಾಡಿ, ಮತ್ತೆ ಜೋಡಿಸುತ್ತದೆ. ಅದರ ಮುಂದಿನದು ಎರಡು ಧ್ರುವೀಕರಣಗಳ ಗೋಜಲು ಬಿಡಿಸುವ ಫಿಲ್ಟರ್, ಆಮೇಲೆ ಎರಡೂ ತುದಿಯ ಲೇಸರ್‌ಗಳ ವ್ಯತ್ಯಾಸ ತಿದ್ದುವುದು, ಕೊನೆಗೆ ಎಫ್‌ಇಸಿ.

ಸಾಲಾಗಿ ಕೂರಿಸುವುದರಲ್ಲಿ ಒಂದು ಕಷ್ಟವಿದೆ. ಸುಲಿದ ಅಡಿಕೆ ಹಂಡೆಯ ಹತ್ತಿರ ಬಂದಾಗ ಯಜಮಾನರು "ಕತ್ತಿ ಆಳ ಹೋಗ್ತಿದೆ, ಬೆಟ್ಟೆಗೆ ಗಾಯ ಆಗ್ತಿದೆ" ಅಂದರೂ ಆ ಮಾತು ಸಾಲಿನ ಕೊನೆಗೆ ಮುಟ್ಟುವುದರೊಳಗೆ ಇನ್ನೂ ನಾಲ್ಕು ಬುಟ್ಟಿ ಹಾಗೇ ಸುಲಿದಾಗಿರುತ್ತದೆ. ಚಿಪ್ಪಿನಲ್ಲೂ ತಿದ್ದುಪಡಿ ಹಿಂದಕ್ಕೆ ತಲುಪುವ ಹೊತ್ತಿಗೆ ಸಾವಿರಾರು ಸಂಕೇತಗಳು ದಾಟಿಹೋಗಿರುತ್ತವೆ. ಡಿಸ್ಪರ್ಷನ್ ದಿನವಿಡೀ ಹೆಚ್ಚುಕಡಿಮೆ ಒಂದೇ ಥರ, ಅದಕ್ಕೆ ಈ ತಡದಿಂದ ಬಾಧೆಯಿಲ್ಲ. ಬೇಗ ಬೇಗ ಬದಲಾಗುವ ಸಂಗತಿಗೆ ಬಾಧೆಯಿದೆ. ಆ ವಿಷಯ ಸಿಡಿಲಿನ ಹತ್ತಿರ ಬರುತ್ತದೆ.

ಈ ತಂತ್ರ ಹೊಸದಲ್ಲ. 1980ರ ದಶಕದಲ್ಲೇ ಕೊಹೆರೆಂಟ್ ರಿಸೀವರ್ ಬಗ್ಗೆ ಬಹಳ ಕೆಲಸ ನಡೆದಿತ್ತು. 1987ರಲ್ಲಿ ಎರ್ಬಿಯಂ ಫೈಬರ್ ಆಂಪ್ಲಿಫೈಯರ್ ಬಂದು ಬೆಳಕನ್ನು ಬೆಳಕಾಗಿಯೇ ಹೆಚ್ಚಿಸುವುದು ಸುಲಭವಾದ ಮೇಲೆ ಅದನ್ನು ಬದಿಗಿಟ್ಟರು. ಪ್ರಯೋಗಾಲಯದಲ್ಲಿ ಸಿಗ್ನಲ್ ಸೆರೆಹಿಡಿದು ಆಮೇಲೆ ಕಂಪ್ಯೂಟರಿನಲ್ಲಿ ನಿಧಾನವಾಗಿ ಬಿಡಿಸುವುದು ಸಾಧ್ಯವಿತ್ತು, ಓಡುತ್ತಿರುವಾಗಲೇ ಬಿಡಿಸುವ ಚಿಪ್ ಇರಲಿಲ್ಲ. 2008ರಲ್ಲಿ ಕೆನಡಾದ ನಾರ್ಟೆಲ್ ಕಂಪನಿಯ ಇಂಜಿನಿಯರ್‌ಗಳು 90 ನ್ಯಾನೋಮೀಟರ್ ಸಿಮಾಸ್ ಚಿಪ್ಪಿನಲ್ಲಿ, ಸೆಕೆಂಡಿಗೆ 20 ಬಿಲಿಯನ್ ಬಾರಿ ಓದುವ ನಾಲ್ಕು ಎಡಿಸಿ ಇಟ್ಟು, 40ಜಿ ಸಿಗ್ನಲನ್ನು ನಿಂತ ನಿಲುವಿನಲ್ಲೇ ಬಿಡಿಸಿ ತೋರಿಸಿದರು. ಆಗ ಇಡೀ ಕಾರ್ಡ್ ಬೇಕಿತ್ತು. ಈಗ ಬೆರಳಿಗಿಂತ ಸ್ವಲ್ಪ ದಪ್ಪದ ಮಾಡ್ಯೂಲ್ ಒಳಗೆ 7 ನ್ಯಾನೋಮೀಟರ್ ಚಿಪ್ ಹತ್ತು ಪಟ್ಟು ವೇಗದಲ್ಲಿ ಅದೇ ಕೆಲಸ ಮಾಡುತ್ತದೆ. ಇದನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಈಗಲೂ ಬೆರಗಾಗುತ್ತದೆ.

400 ಝಡ್‌ಆರ್, ಝಡ್‌ಆರ್ ಪ್ಲಸ್, 100ಜಿ ಕೊಹೆರೆಂಟ್

ಆಪ್ಟಿಕಲ್ ಉಪಕರಣ ಕಂಪನಿಗಳ ಒಕ್ಕೂಟ ಓಐಎಫ್ 2020ರಲ್ಲಿ ಪ್ರಕಟಿಸಿದ 400 ಝಡ್‌ಆರ್ ಒಪ್ಪಂದ ದೊಡ್ಡ ಡೇಟಾ ಸೆಂಟರ್‌ಗಳ ನಡುವಿನ ಲಿಂಕಿಗಾಗಿ ಬರೆದದ್ದು. 120 ಕಿಲೋಮೀಟರ್ ಎಂಬ ಮಾತು ನಿಜ, ಆದರೆ ಅದು ಆಂಪ್ಲಿಫೈಯರ್ ಇಟ್ಟಾಗ. ಆಂಪ್ಲಿಫೈಯರ್ ಇಲ್ಲದಿದ್ದರೆ ಕಳಿಸುವ ಶಕ್ತಿ –9 ಡಿಬಿಎಂ, ಓದುವ ಮಿತಿ –20. ಲಿಂಕಿಗೆ ಸಿಗುವುದು 11 ಡಿಬಿಯಷ್ಟು ಮಾತ್ರ. 10ಜಿ ಝಡ್‌ಆರ್ ತಡೆಯುವ 23ರ ಎದುರು ಇದನ್ನು ಇಟ್ಟು ನೋಡಿ. ತೀರ್ಥಹಳ್ಳಿಯ ಹುಡುಗನಿಗೆ ಮಾರುವವರು ಹೇಳದೆ ಬಿಟ್ಟ ಸಾಲು ಇದು. ಅದರ ಚಿಪ್ 2,400 ಪಿಕೋಸೆಕೆಂಡ್ ಪ್ರತಿ ನ್ಯಾನೋಮೀಟರ್ ಚದುರುವಿಕೆಯನ್ನು ಸರಿಮಾಡುತ್ತದೆ, ಅಂದರೆ 140 ಕಿಲೋಮೀಟರಿನಷ್ಟು. ನಮ್ಮ 1,156ಕ್ಕೆ (68 × 17) ಎರಡು ಪಟ್ಟು ಧಾರಾಳ. ಚದುರಿದ್ದನ್ನು ಒಟ್ಟುಮಾಡುವುದರಲ್ಲಿ ಶೂರ, ಮಂದ ಬೆಳಕಿನಲ್ಲಿ ಬಡವ. ಒಂದು ಸಂಕೇತದಲ್ಲಿ 16 ಸ್ಥಾನಗಳನ್ನು ಗುರುತಿಸಬೇಕಾದ 16 ಕ್ವಾಮ್ ಆದ್ದರಿಂದ ಅದಕ್ಕೆ ಶುಭ್ರವಾದ, ತುಂಬು ಬೆಳಕು ಬೇಕು.

ಓಪನ್ ಝಡ್‌ಆರ್ ಪ್ಲಸ್ ಜಾತಿಯಲ್ಲಿ ಎಫ್‌ಇಸಿ ಇನ್ನೂ ಗಟ್ಟಿ, ಚದುರುವಿಕೆಯ ಮಿತಿ 400ಜಿಯಲ್ಲಿ 20,000. ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿ.ಮೀ. ಅಂದರೆ 5,100. ಝಡ್‌ಆರ್‌ಗೆ ಅದು ಮಿತಿ ಮೀರಿತು, ಪ್ಲಸ್‌ಗೆ ಸಲೀಸು. 80 ಕಿಲೋಮೀಟರಿಗೊಂದರಂತೆ ಆಂಪ್ಲಿಫೈಯರ್ ಇಡುವ ತಾಕತ್ತು ಇರುವವರಿಗೆ ಬೆಂಗಳೂರು ದಾರಿಗೆ ಇದೇ ಸರಿ. ಇದರಲ್ಲೇ 0 ಡಿಬಿಎಂ ಕಳಿಸುವ ಹೈ ಪವರ್ ಮಾದರಿಗಳಿವೆ, ಒಳಗೇ ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಕೊಳ್ಳುವಾಗ ಹೆಸರು ನೋಡಬೇಡಿ, ಡೇಟಾಶೀಟಿನ ಟ್ರಾನ್ಸ್‌ಮಿಟ್ ಪವರ್ ಸಾಲು ನೋಡಿ.

ನಮ್ಮ ತಾಲೂಕು ಲಿಂಕ್‌ಗಳಿಗೆ ನನ್ನ ಮನಸ್ಸು ಒಪ್ಪಿರುವುದು 100ಜಿ ಕೊಹೆರೆಂಟ್, ಕ್ಯೂಎಸ್‌ಎಫ್‌ಪಿ28 ಗಾತ್ರದ್ದು. ಸಂಕೇತದ ವೇಗ ಅರ್ಧ, ಅದರಿಂದ ಮೂರು ಡಿಬಿ ಉಳಿಯಿತು. 16ರ ಬದಲು ನಾಲ್ಕೇ ಸ್ಥಾನ, ಅದರಿಂದ ಸುಮಾರು ಏಳು. ಒಟ್ಟು ಹತ್ತು ಡಿಬಿಯಷ್ಟು ಮಂದ ಬೆಳಕಿನಲ್ಲೂ ಓದುತ್ತದೆ. ಹತ್ತು ಡಿಬಿ ಅಂದರೆ ನಮ್ಮ ಕಡೆ ಐದು ಮಳೆಗಾಲದ ರಿಪೇರಿ.

ಕರೆಂಟಿನ ಲೆಕ್ಕವೂ ಇದೆ. 100ಜಿ ಕೊಹೆರೆಂಟ್ ಐದಾರು ವ್ಯಾಟ್ ತಿನ್ನುತ್ತದೆ, 400ಜಿ 15ರಿಂದ 20 ಅಥವಾ ಅದಕ್ಕೂ ಹೆಚ್ಚು, ಮೇಲೆ ಆಂಪ್ಲಿಫೈಯರಿನದು. 48 ವೋಲ್ಟ್ 100 ಆಂಪಿಯರ್-ಅವರ್ ಬ್ಯಾಟರಿ ಮೇಲೆ 150 ವ್ಯಾಟಿನ ರ್‍ಯಾಕ್ ಕಾಗದದ ಲೆಕ್ಕದಲ್ಲಿ 32 ಗಂಟೆ ನಡೆಯುತ್ತದೆ. 35 ವ್ಯಾಟ್ ಸೇರಿಸಿದರೆ 26ಕ್ಕೆ ಇಳಿಯಿತು. ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರಿನಲ್ಲಿ ಆ ಆರು ಗಂಟೆ ದೊಡ್ಡದು. ಪೂರ್ತಿ ಆಫ್ ಆಗಿ ಎದ್ದರೆ ಕೊಹೆರೆಂಟ್ ಮಾಡ್ಯೂಲ್ ಲೇಸರ್ ಹೊಂದಿಸಿಕೊಂಡು ಲಿಂಕ್ ಕೊಡಲು ಹತ್ತಾರು ಸೆಕೆಂಡ್ ತೆಗೆದುಕೊಳ್ಳುತ್ತದೆ, ಗಾಬರಿಯಿಂದ ಕಿತ್ತು ಮತ್ತೆ ಹಾಕಬೇಡಿ.

ಡಿಎಸ್‌ಪಿಯಿಂದ ತಡವಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೆಲವು ಮೈಕ್ರೋಸೆಕೆಂಡ್. 68 ಕಿಲೋಮೀಟರ್ ದಾಟಲು ಬೆಳಕಿಗೇ 340 ಬೇಕು. ಬಿಟ್ಟುಬಿಡಿ.

ಸಿಡಿಲಿನ ತಿಂಗಳು

ಮಾರ್ಚ್ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಮಲೆನಾಡಿನ ಸಂಜೆಗಳೆಲ್ಲ ಗುಡುಗು ಸಿಡಿಲು. ಕೊಹೆರೆಂಟ್ ಆರಿಸುವವರು ತಮ್ಮ ಫೈಬರ್ ಯಾವುದರ ಮೇಲೆ ತೂಗಿದೆ ಎಂದು ತಿಳಿದುಕೊಳ್ಳಬೇಕಾದ್ದು ಇದಕ್ಕಾಗಿ. ಹೈಟೆನ್ಷನ್ ಟವರ್‌ಗಳ ನೆತ್ತಿಯ ಭೂತಂತಿಯೊಳಗೇ ಫೈಬರ್ ಇರುವ ಒಪಿಜಿಡಬ್ಲ್ಯು ಎಂಬ ಕೇಬಲ್ ಇದೆ. ಮರ ಬಿದ್ದರೂ ಹರಿಯದ, ಗುಡ್ಡ ಕುಸಿದರೂ ಉಳಿಯುವ ಗಟ್ಟಿ ದಾರಿ. ಸಿಡಿಲು ಬಡಿದರೂ ಗಾಜಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಸುರುಳಿಯಾಗಿ ಹೊಸೆದ ಲೋಹದ ಎಳೆಗಳಲ್ಲಿ ಸಿಡಿಲಿನ ಕರೆಂಟ್ ಹರಿಯುವಾಗ ಫೈಬರಿನ ಉದ್ದಕ್ಕೂ ಕಾಂತಕ್ಷೇತ್ರ ಏಳುತ್ತದೆ, ಬೆಳಕಿನ ಧ್ರುವೀಕರಣ ಗಿರ್ರನೆ ತಿರುಗುತ್ತದೆ. ಫ್ಯಾರಡೆ ಪರಿಣಾಮ ಎಂದು ಪಿಯುಸಿ ಪುಸ್ತಕದಾಚೆ ಓದಿದವರಿಗೆ ಗೊತ್ತಿರುತ್ತದೆ.

400 ಝಡ್‌ಆರ್ ಒಪ್ಪಂದ ಕೇಳುವುದು ಸೆಕೆಂಡಿಗೆ 50 ಸಾವಿರ ರೇಡಿಯನ್ ತಿರುವನ್ನು ಬೆನ್ನಟ್ಟುವ ಶಕ್ತಿ. ಗಾಳಿಗೆ ತೂಗುವ ಕಂಬದ ಕೇಬಲ್ಲಿಗೆ ಅದು ಬೇಕಾದಷ್ಟಾಯಿತು. ಒಪಿಜಿಡಬ್ಲ್ಯು ಮೇಲೆ ಸಿಡಿಲು ಬಡಿದಾಗ ಸೆಕೆಂಡಿಗೆ 50 ಲಕ್ಷ ರೇಡಿಯನ್ ಮೀರಿದ ಅಳತೆಗಳು 2017ರಲ್ಲಿ ಪ್ರಕಟವಾಗಿವೆ, ನೂರು ಪಟ್ಟು. ಅಡಿಕೆ ಅಂಗಳದ ಮಾತು ಇಲ್ಲಿ ಬಂತು: ತಿದ್ದುಪಡಿ ಸಾಲಿನ ಕೊನೆ ಮುಟ್ಟುವುದರೊಳಗೆ ಧ್ರುವೀಕರಣ ಬೇರೆಲ್ಲೋ ಹೋಗಿರುತ್ತದೆ, ಲಿಂಕ್ ಕೆಲವು ಮಿಲಿಸೆಕೆಂಡ್ ಕಡಿದು ಮತ್ತೆ ಸೇರುತ್ತದೆ. ದೂರದ ಲಿಂಕಿಗೆಂದೇ ಮಾಡಿದ ದುಬಾರಿ ಚಿಪ್‌ಗಳು ಇಷ್ಟು ವೇಗವನ್ನೂ ಹಿಡಿಯುತ್ತವೆ. ಬರೀ ಬೆಳಕಿನ ಪ್ರಮಾಣ ನೋಡುವ 10ಜಿಗೆ ಧ್ರುವೀಕರಣ ಹೇಗೆ ತಿರುಗಿದರೂ ಗೊಡವೆಯಿಲ್ಲ. ಬ್ಯಾಂಕು, ಆಸ್ಪತ್ರೆಯ ಲಿಂಕ್ ಟವರ್ ಮೇಲಿನ ಫೈಬರ್‌ನಲ್ಲಿ ಹೋಗುತ್ತಿದ್ದರೆ, ಪಕ್ಕದಲ್ಲೇ ಒಂದು 10ಜಿಯನ್ನು ಮಕ್ಸ್ ಮೂಲಕ ಉಳಿಸಿಕೊಳ್ಳಿ ಎನ್ನುತ್ತೇನೆ. ಲೋಹವೇ ಇಲ್ಲದ ಎಡಿಎಸ್‌ಎಸ್ ಕೇಬಲ್ ಆದರೆ ಈ ಚಿಂತೆ ಬೇಡ.

ಚಿಪ್ ಹೇಳುವ ಸುದ್ದಿ

ಕೊಹೆರೆಂಟ್ ಕೊಂಡವರು ಬಳಸದೆ ಬಿಡುವ ದೊಡ್ಡ ಲಾಭ ಇದು. ಚಿಪ್ ತಾನು ಸರಿಪಡಿಸಿದ್ದೆಲ್ಲದರ ಲೆಕ್ಕ ಇಟ್ಟಿರುತ್ತದೆ. ಸಾಗರದ ಒಂದು ಲಿಂಕಿನಲ್ಲಿ ಡಿಸ್ಪರ್ಷನ್ 1,290 ತೋರಿಸುತ್ತಿದ್ದದ್ದು ಒಂದು ರಿಪೇರಿ ಆದ ಮಾರನೇ ದಿನ 1,700 ತೋರಿಸಿತು. 410ನ್ನು 17ರಿಂದ ಭಾಗಿಸಿದರೆ 24 ಕಿ.ಮೀ. ರಾತ್ರಿ ಜಾಯಿಂಟ್ ಹಾಕಿದವರು ನಮ್ಮ ಜೋಡಿಯನ್ನು ಹೊಸನಗರ ಸುತ್ತಿ ಬರುವ ದಾರಿಗೆ ಸೇರಿಸಿಬಿಟ್ಟಿದ್ದರು. ಲಿಂಕ್ ನಡೆಯುತ್ತಲೇ ಇತ್ತು, ಗ್ರಾಹಕರಿಂದ ಒಂದು ದೂರೂ ಇರಲಿಲ್ಲ. ಓಟಿಡಿಆರ್ ಹೊತ್ತುಕೊಂಡು ಹೋಗದೆ ಕುರ್ಚಿಯಲ್ಲಿ ಕೂತೇ ಗೊತ್ತಾಯಿತು.

ಇನ್ನೊಂದು ನೋಡಲೇಬೇಕಾದ ಅಂಕಿ ಪ್ರೀ-ಎಫ್‌ಇಸಿ ಬಿಇಆರ್, ತಿದ್ದುವ ಮೊದಲಿನ ತಪ್ಪಿನ ಪ್ರಮಾಣ. ಎಫ್‌ಇಸಿ ಇಲ್ಲದ 10ಜಿ ಲಿಂಕ್ ಕೆಡುವಾಗ ಸಿಆರ್‌ಸಿ ತಪ್ಪುಗಳು (ಕೆಟ್ಟ ಪ್ಯಾಕೆಟ್‌ಗಳ ಎಣಿಕೆ) ಒಂದೊಂದಾಗಿ ಕಾಣಿಸಿಕೊಂಡು ಎಚ್ಚರಿಸುತ್ತವೆ. 400 ಝಡ್‌ಆರ್‌ನಲ್ಲಿ 80 ಬಿಟ್ಟಿಗೆ ಒಂದು ತಪ್ಪಿದ್ದರೂ ಹೊರಗೆ ಬರುವುದು ಶುದ್ಧ ಡೇಟಾ. ಅದಕ್ಕಿಂತ ಕೂದಲೆಳೆ ಹೆಚ್ಚಾದರೆ ಲಿಂಕೇ ಇಲ್ಲ. ಕ್ಲೋಷರಿಗೆ ನೀರಿಳಿದು ವಾರದಿಂದ ವಾರಕ್ಕೆ ಏರುವ ಆ ಅಂಕಿಯನ್ನು ಗ್ರಾಫ್ ಹಾಕಿಟ್ಟುಕೊಂಡವರಿಗೆ ಮಾತ್ರ ಮುಂಚೆಯೇ ಕಾಣುತ್ತದೆ.

ತೀರ್ಥಹಳ್ಳಿಯಲ್ಲಿ ಕೊನೆಗೆ ಮಾಡಿದ್ದು

ನವೆಂಬರಿನಲ್ಲಿ ಬಿಸಿಲು ನೋಡಿಕೊಂಡು ಎರಡು ದಿನ ದಾರಿಯುದ್ದಕ್ಕೂ ಹೋದೆವು. ನಾಲ್ಕು ಜಾಯಿಂಟ್ ಕತ್ತರಿಸಿ ಮತ್ತೆ ಹಾಕಿದೆವು, ಮಂಡಗದ್ದೆಯಾಚೆಯ ಒಂದು ಕ್ಲೋಷರಿನಲ್ಲಿ ಟೈ ಬಿಗಿದು ಮಡಿಚಿಹೋಗಿದ್ದ ಫೈಬರ್ ಬಿಡಿಸಿದೆವು. 21.4 ಇದ್ದದ್ದು 17.6ಕ್ಕೆ ಬಂತು. ನಾಲ್ಕು ಬಣ್ಣದ 10ಜಿ ಹಾಕುವ ದಾರಿ ಈಗ ತೆರೆದಿತ್ತು, ಆದರೆ ಅವನ ಸ್ವಿಚ್ಚಿನಲ್ಲಿ 100ಜಿ ಪೋರ್ಟ್ ಖಾಲಿ ಇತ್ತು, ಸಂಜೆಯ ಬಳಕೆ ಎರಡು ವರ್ಷದಲ್ಲಿ 40ಜಿ ದಾಟುವುದು ಗ್ರಾಫಿನಲ್ಲೇ ಕಾಣುತ್ತಿತ್ತು. 0 ಡಿಬಿಎಂ ಕಳಿಸುವ 100ಜಿ ಕೊಹೆರೆಂಟ್ ಜೋಡಿ ತರಿಸಿದ. ಹಳೆಯ 10ಜಿಯನ್ನು ಇನ್ನೊಂದು ಜೋಡಿ ಫೈಬರಿನಲ್ಲಿ ಬ್ಯಾಕಪ್ ಆಗಿ ಬಿಟ್ಟೆವು.

ಏಪ್ರಿಲ್ಲಿನ ಮೊದಲ ಗುಡುಗಿನ ಸಂಜೆ ಅವನೇ ಸ್ಕ್ರೀನಿನ ಫೋಟೋ ಕಳಿಸಿದ. ಡಿಸ್ಪರ್ಷನ್ 1,150. ಬರುತ್ತಿರುವ ಬೆಳಕು –18.1 ಡಿಬಿಎಂ. ಅಪ್‌ಟೈಮ್ 131 ದಿನ. ಕೆಳಗೆ ಬರೆದಿದ್ದ: "ಅಣ್ಣ, ಊರಲ್ಲಿ ಕರೆಂಟ್ ಹೋಗಿದೆ. ಲಿಂಕ್ ಇದೆ."